ಮಗು ಡೈಪರ್ ಬಿಡಲು ಸಿದ್ಧವಾಗಿದೆಯೇ ಎಂದು ತಿಳಿಯುವ ಬಗೆ

ಮಗುವಿಗೆ ಒಂದೂವರೆ ವರ್ಷ ತುಂಬುತ್ತಿದ್ದಂತೆ ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಒಟ್ಟಿಗೇ ಕೇಳಿಬರುತ್ತವೆ. ನಮ್ಮ ಕಾಲದಲ್ಲಿ ವರ್ಷ ತುಂಬುವುದರೊಳಗೆ ಮಕ್ಕಳು ಬಟ್ಟೆಯಲ್ಲಿ ಮಾಡಿಕೊಳ್ಳುವುದನ್ನು ಬಿಡುತ್ತಿದ್ದವು ಎಂದು ಅಜ್ಜಿ ಹೇಳಿದರೆ, ಅವಸರ ಬೇಡ, ಮೂರು ವರ್ಷಕ್ಕೆ ತಾನಾಗಿಯೇ ಕಲಿಯುತ್ತದೆ ಎಂದು ಬೆಂಗಳೂರಿನಲ್ಲಿರುವ ಅಕ್ಕ ಫೋನಿನಲ್ಲಿ ಹೇಳುತ್ತಾಳೆ. ಇಬ್ಬರೂ ಲೆಕ್ಕ ಹಾಕುವುದು ತಿಂಗಳುಗಳನ್ನು. ಒಂದು ಮಗು ಶೌಚದ ಅಭ್ಯಾಸಕ್ಕೆ ಸಿದ್ಧವಾಗಿದೆಯೇ ಎಂಬುದಕ್ಕೆ ಉತ್ತರ ಸಿಗುವುದು ಆ ಮಗುವಿನ ದೇಹದಲ್ಲಿ, ನಡಿಗೆಯಲ್ಲಿ, ಮಾತಿನಲ್ಲಿ ಮತ್ತು ಮನಸ್ಸಿನ ಒಲವಿನಲ್ಲಿ. ಮನೆಯವರು ಎರಡು ವಾರ ಗಮನವಿಟ್ಟು ನೋಡಿದರೆ ಅದನ್ನು ಯಾರ ನೆರವೂ ಇಲ್ಲದೆ ಗುರುತಿಸಬಹುದು. ಹೇಗೆ ನೋಡಬೇಕು, ಏನನ್ನು ನೋಡಬೇಕು, ಯಾವ ಲಕ್ಷಣಗಳು ನಮ್ಮನ್ನು ತಪ್ಪುದಾರಿಗೆ ಎಳೆಯುತ್ತವೆ ಎಂಬುದನ್ನು ಇಲ್ಲಿ ವಿವರವಾಗಿ ಹೇಳಲಾಗಿದೆ.

ಮೊದಲು ದೇಹದ ಕೆಲಸವನ್ನು ಅರಿಯುವುದು ಒಳ್ಳೆಯದು. ಎಳೆಗೂಸಿನ ಮೂತ್ರಕೋಶ ಸ್ವಲ್ಪ ತುಂಬಿದೊಡನೆ ತಾನಾಗಿಯೇ ಖಾಲಿಯಾಗುತ್ತದೆ. ಹುಟ್ಟಿದ ಹೊಸದರಲ್ಲಿ ಇದು ದಿನಕ್ಕೆ ಸುಮಾರು 20 ಬಾರಿ ನಡೆಯುತ್ತದೆ, ಮತ್ತು ಅದನ್ನು ತಡೆದುಕೊಳ್ಳುವ ಶಕ್ತಿ ಕೂಸಿಗೆ ಇರುವುದಿಲ್ಲ. ಮೂತ್ರಕೋಶ ತುಂಬಿದೆಯೆಂಬ ಸುದ್ದಿ ಮಿದುಳಿಗೆ ತಲುಪಿ, ಸ್ವಲ್ಪ ತಡೆಯೆಂಬ ಆದೇಶ ಅಲ್ಲಿಂದ ಕೆಳಗಿನ ಸ್ನಾಯುಗಳಿಗೆ ಬರುವಷ್ಟು ನರಗಳು ಬಲಿಯುವುದು ಬಹುತೇಕ ಮಕ್ಕಳಲ್ಲಿ ಒಂದೂವರೆ ವರ್ಷದ ನಂತರವೇ. ಮೂತ್ರಕೋಶವೂ ವಯಸ್ಸಿನೊಂದಿಗೆ ಹಿಗ್ಗುತ್ತದೆ. ಮಗುವಿನ ವಯಸ್ಸಿಗೆ ಎರಡನ್ನು ಕೂಡಿಸಿ 30ರಿಂದ ಗುಣಿಸಿದರೆ ಅದು ಹಿಡಿಯುವ ಅಂದಾಜು ಪ್ರಮಾಣ ಮಿಲಿಲೀಟರಿನಲ್ಲಿ ಸಿಗುತ್ತದೆಯೆಂಬುದು ವೈದ್ಯರು ಬಳಸುವ ಸರಳ ಲೆಕ್ಕ. ಆ ಪ್ರಕಾರ ಎರಡು ವರ್ಷದ ಮಗುವಿನದು ಸುಮಾರು 120 ಮಿಲಿಲೀಟರ್, ಅಂದರೆ ಮನೆಯ ಲೋಟದ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟು ತುಂಬುವವರೆಗೆ ಹಿಡಿದಿಟ್ಟುಕೊಳ್ಳಲು ಬಂದಾಗಲೇ ಮಗುವಿಗೆ ಬಚ್ಚಲಿನವರೆಗೆ ನಡೆದು ಹೋಗುವಷ್ಟು ಬಿಡುವು ದೊರೆಯುತ್ತದೆ.

ಈ ಹತೋಟಿ ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಬರುತ್ತದೆ. ರಾತ್ರಿ ನಿದ್ದೆಯಲ್ಲಿ ಮಲವಿಸರ್ಜನೆ ನಿಲ್ಲುವುದು ಮೊದಲು, ಹಗಲಿನಲ್ಲಿ ಮಲದ ಹತೋಟಿ ಅನಂತರ, ಆಮೇಲೆ ಹಗಲಿನಲ್ಲಿ ಮೂತ್ರದ ಹತೋಟಿ, ಎಲ್ಲಕ್ಕಿಂತ ಕೊನೆಗೆ ರಾತ್ರಿ ಹಾಸಿಗೆ ಒಣಗಿರುವುದು. ಆದ್ದರಿಂದ ರಾತ್ರಿ ಇನ್ನೂ ಡೈಪರ್ ನೆನೆಯುತ್ತಿದೆ ಎಂಬ ಕಾರಣಕ್ಕೆ ಹಗಲಿನ ಅಭ್ಯಾಸವನ್ನು ಮುಂದೂಡಬೇಕಾಗಿಲ್ಲ.

ಅಮೆರಿಕದ ಮಕ್ಕಳ ತಜ್ಞ ಟಿ. ಬೆರ್ರಿ ಬ್ರೇಜಲ್ಟನ್ ಅವರು ತಮ್ಮಲ್ಲಿಗೆ ಬರುತ್ತಿದ್ದ 1170 ಮಕ್ಕಳ ದಾಖಲೆಗಳನ್ನು ಆಧರಿಸಿ 1962ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಗು ಆಸಕ್ತಿಯನ್ನೂ ಸಾಮರ್ಥ್ಯವನ್ನೂ ತೋರಿದ ಮೇಲೆ ಒಂದೊಂದೇ ಹೆಜ್ಜೆ ಮುಂದಿಡಬೇಕೆಂಬುದು ಅವರ ನಿಲುವಾಗಿತ್ತು. ಆ ಮಕ್ಕಳು ಹಗಲಿನ ಹತೋಟಿ ಸಾಧಿಸಿದ ಸರಾಸರಿ ವಯಸ್ಸು 28.5 ತಿಂಗಳು. 2002ರಲ್ಲಿ ಅದೇ ದೇಶದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎರಡು ಗಂಟೆ ಒಣಗಿರುವ ಸಾಮರ್ಥ್ಯ ಹೆಣ್ಣುಮಕ್ಕಳಲ್ಲಿ ಸುಮಾರು 26 ತಿಂಗಳಿಗೂ ಗಂಡುಮಕ್ಕಳಲ್ಲಿ ಸುಮಾರು 29 ತಿಂಗಳಿಗೂ ಕಂಡುಬಂದಿತು. 27 ತಿಂಗಳಿಗೆ ಮೊದಲೇ ಬಿರುಸಾಗಿ ಕಲಿಸಲು ತೊಡಗಿದರೆ ಬಹುತೇಕ ಮಕ್ಕಳಲ್ಲಿ ಕಲಿಕೆಯ ಅವಧಿ ಉದ್ದವಾಗುತ್ತದೆಯೇ ಹೊರತು ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ಫಿಲಡೆಲ್ಫಿಯಾದ ವೈದ್ಯರು 2003ರಲ್ಲಿ ವರದಿ ಮಾಡಿದರು. ಇವೆಲ್ಲ ದಿನವಿಡೀ ಡೈಪರ್ ತೊಡುವ, ಕಮೋಡ್ ಇರುವ ಮನೆಗಳ ಅಂಕಿಗಳು. ಅವನ್ನು ನಮ್ಮ ಮಕ್ಕಳಿಗೆ ಗಡುವಾಗಿ ಹೇರಬಾರದು. ಗಂಡು ಮಗು ಓರಗೆಯ ಹೆಣ್ಣು ಮಗುವಿಗಿಂತ ಕೆಲವು ತಿಂಗಳು ಹಿಂದೆ ಬೀಳುವುದು ಸಹಜವೆಂಬ ತಿಳಿವಳಿಕೆಯನ್ನಾದರೂ ಅವುಗಳಿಂದ ತೆಗೆದುಕೊಳ್ಳಬಹುದು, ಏಕೆಂದರೆ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಕೊರಗುವ ತಾಯಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಅಜ್ಜಿ ಕಾಲ ಮೇಲೆ ಕೂರಿಸುವ ಪದ್ಧತಿ

ನಮ್ಮ ಕಡೆ ಕೂಸಿಗೆ ಕತ್ತು ನಿಂತ ಕೆಲವು ತಿಂಗಳಲ್ಲೇ ಅಜ್ಜಿಯೋ ತಾಯಿಯೋ ಕುಕ್ಕರಗಾಲಲ್ಲಿ ಕುಳಿತು, ತಮ್ಮ ಎರಡು ಪಾದಗಳ ಮೇಲೆ ಅದನ್ನು ಕೂರಿಸಿ, ಬಾಯಲ್ಲಿ ಶ್ಶ್ಶ್ ಎಂದು ಸದ್ದು ಮಾಡುವ ರೂಢಿ ಇದೆ. ಎದ್ದ ತಕ್ಷಣ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ಎಣ್ಣೆನೀರಿಗೆ ಮುಂಚೆ ಹೀಗೆ ಕೂರಿಸಿದರೆ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ. ಇದರಲ್ಲಿ ಕೆಡುಕೇನೂ ಇಲ್ಲ. ಬಟ್ಟೆ ಉಳಿಯುತ್ತದೆ, ಚರ್ಮ ಕೆಂಪಾಗುವುದು ಕಡಿಮೆಯಾಗುತ್ತದೆ, ಕುಕ್ಕರಿಸುವ ಭಂಗಿ ಮಗುವಿಗೆ ಪರಿಚಿತವಾಗುತ್ತದೆ. ಆದರೆ ಇಲ್ಲಿ ಹೊತ್ತನ್ನು ಗುರುತಿಸುತ್ತಿರುವವರು ಹಿರಿಯರು. ಅಜ್ಜಿ ಒಂದು ವಾರ ಊರಿಗೆ ಹೋದರೆ ಎಲ್ಲ ಮೊದಲಿನಂತಾಗುವುದು ಇದೇ ಕಾರಣಕ್ಕೆ. ಮಗು ತನಗೆ ಬರುತ್ತಿದೆಯೆಂದು ತಾನೇ ಅರಿತು, ಹೇಳಿ, ತಡೆದು, ಜಾಗಕ್ಕೆ ಹೋಗುವುದು ಬೇರೆಯೇ ಹಂತ. ವರ್ಷದೊಳಗೆ ಮಕ್ಕಳು ಕಲಿತವು ಎಂದು ಹಿರಿಯರು ಹೇಳುವಾಗ ಅವರು ಹೇಳುತ್ತಿರುವುದು ಮೊದಲನೆಯ ಹಂತವನ್ನು, ಮತ್ತು ಅದು ನಿಜವೇ. ಈ ವ್ಯತ್ಯಾಸ ಮನೆಯಲ್ಲಿ ಎಲ್ಲರಿಗೂ ತಿಳಿದರೆ ಅತ್ತೆ ಸೊಸೆಯರ ನಡುವೆ ಮಾತಿಗೆ ಮಾತು ಬೆಳೆಯುವ ಅಗತ್ಯವಿರುವುದಿಲ್ಲ. ಕಾಲ ಮೇಲೆ ಕೂರಿಸುತ್ತ ಬಂದಿರುವ ಮನೆಯಲ್ಲಿ ಅದನ್ನು ನಿಲ್ಲಿಸದೆ ಮುಂದುವರಿಸಿ, ಎರಡನೆಯ ಹಂತದ ಲಕ್ಷಣಗಳಿಗಾಗಿ ಕಾಯಬೇಕು.

ಎರಡು ವಾರದ ಗಮನಿಕೆ

ಮಗುವಿಗೆ 18 ತಿಂಗಳು ದಾಟಿದ ಮೇಲೆ, ಮನೆಯಲ್ಲಿ ಗಡಿಬಿಡಿ ಇಲ್ಲದ ಎರಡು ವಾರವನ್ನು ಆರಿಸಿಕೊಳ್ಳಿ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿಯೇ ಆಗಲಿ, ಒಂದು ಹಾಳೆಯಲ್ಲಿಯೇ ಆಗಲಿ, ಮಗು ಒದ್ದೆಯಾದ ಹೊತ್ತು, ಮಲವಿಸರ್ಜನೆ ಮಾಡಿದ ಹೊತ್ತು, ಅದಕ್ಕೆ ಮುಂಚೆ ಮುಖದಲ್ಲೋ ಮೈಯಲ್ಲೋ ಕಂಡ ಬದಲಾವಣೆ, ಈ ಮೂರನ್ನು ಬರೆದಿಡಿ. ಎಲ್ಲವನ್ನೂ ಬರೆಯಲು ಆಗದಿದ್ದರೆ ಬೆಳಗಿನ ನಾಲ್ಕು ಗಂಟೆಗಳನ್ನಷ್ಟೇ ಬರೆದರೂ ಸಾಕು. ನೆನಪಿನ ಮೇಲೆ ಬಿಟ್ಟರೆ ಒದ್ದೆಯಾದ ಹೊತ್ತುಗಳು ಮಾತ್ರ ಮನಸ್ಸಿನಲ್ಲಿ ಉಳಿದು, ಒಣಗಿದ್ದ ಹೊತ್ತುಗಳು ಮರೆತುಹೋಗುತ್ತವೆ.

ಈ ಅವಧಿಯಲ್ಲಿ ಹಗಲು ಹೊತ್ತು ಡೈಪರ್ ತೆಗೆದು ಹತ್ತಿಯ ಚಡ್ಡಿಯನ್ನೋ ಹಳೆಯ ಮೆತ್ತನೆಯ ಪಂಚೆಯಿಂದ ಮಾಡಿದ ಲಂಗೋಟಿಯನ್ನೋ ಹಾಕುವುದು ಬಹಳ ಮುಖ್ಯ. ಈಗಿನ ಡೈಪರ್‌ಗಳೊಳಗೆ ಇರುವ ಹೀರುವ ಪದಾರ್ಥ ಮೂತ್ರವನ್ನು ಕ್ಷಣದಲ್ಲಿ ಒಳಗೆಳೆದುಕೊಂಡು ಮೇಲ್ಭಾಗವನ್ನು ಒಣಗಿಸಿಬಿಡುವುದರಿಂದ, ತಾನು ಒದ್ದೆಯಾದದ್ದು ಮಗುವಿಗೂ ತಿಳಿಯುವುದಿಲ್ಲ, ಎಷ್ಟು ಸಲ ಆಯಿತೆಂಬುದು ನಮಗೂ ತಿಳಿಯುವುದಿಲ್ಲ. ಒದ್ದೆ ಬಟ್ಟೆ ತೊಡೆಗೆ ಅಂಟಿದಾಗ ಮಗು ಏನು ಮಾಡುತ್ತದೆಂಬುದೇ ನಾವು ಹುಡುಕುತ್ತಿರುವ ದೊಡ್ಡ ಸುಳಿವು. ಕಿರಿಕಿರಿಯಿಂದ ಬಟ್ಟೆ ಎಳೆಯುವುದು, ಕಾಲಗಲಿಸಿ ನಿಲ್ಲುವುದು, ಬಂದು ತೋರಿಸುವುದು ಇವೆಲ್ಲ ಒಳ್ಳೆಯ ಲಕ್ಷಣಗಳು. ಒದ್ದೆಯಾದದ್ದು ಗೊತ್ತೇ ಇಲ್ಲವೆಂಬಂತೆ ಆಟದಲ್ಲಿ ಮುಳುಗಿರುವ ಮಗುವಿಗೆ ಇನ್ನೂ ಸಮಯ ಬೇಕು.

ಬರೆದಿಟ್ಟ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ಎರಡು ಒದ್ದೆಗಳ ನಡುವಿನ ಅಂತರವನ್ನು. ದಿನದಲ್ಲಿ ಕೆಲವು ಸಲವಾದರೂ ಎರಡು ಗಂಟೆಯ ಒಣ ಅಂತರ ಕಾಣುತ್ತಿದ್ದರೆ, ಅಥವಾ ಮಧ್ಯಾಹ್ನದ ನಿದ್ದೆಯಿಂದ ಮಗು ಒಣಗಿಯೇ ಏಳುತ್ತಿದ್ದರೆ, ಮೂತ್ರಕೋಶ ಹಿಡಿದಿಟ್ಟುಕೊಳ್ಳಲು ಕಲಿತಿದೆಯೆಂದು ತಿಳಿಯಬಹುದು. ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಒದ್ದೆಯಾಗುತ್ತಿದ್ದರೆ ಈಗ ತೊಡಗುವುದು ಬೇಡ. ಇಲ್ಲಿ ನಮ್ಮ ಕಡೆಯ ಹವೆಯನ್ನೂ ಗಣಿಸಬೇಕು. ಮಲೆನಾಡಿನ ಥಂಡಿಯಲ್ಲಿ ಮೈ ಬೆವರದ ಕಾರಣ ಮಕ್ಕಳು ಹೆಚ್ಚು ಸಲ ಮೂತ್ರ ಮಾಡುತ್ತಾರೆ. ಏಪ್ರಿಲ್‌ನ ಸೆಕೆಯಲ್ಲಿ ಬೆವರಿ, ನೀರು ಸಾಲದೆ, ಮೂರು ಗಂಟೆಯಾದರೂ ಒಣಗಿರುತ್ತಾರೆ. ಹಾಗಾಗಿ ಬೇಸಿಗೆಯ ಅಂತರವನ್ನು ನೋಡಿ ಹಿಗ್ಗುವ ಮುನ್ನ ಮಗು ಸಾಕಷ್ಟು ನೀರು ಕುಡಿಯುತ್ತಿದೆಯೇ, ಮೂತ್ರ ತಿಳಿಯಾಗಿದೆಯೇ ಎಂದು ನೋಡಿಕೊಳ್ಳಿ. ಅಂತರ ಹೆಚ್ಚಲೆಂದು ನೀರು ಕಡಿಮೆ ಕೊಡುವುದು ಎಂದಿಗೂ ಸಲ್ಲದು. ಅದರಿಂದ ಮಲಬದ್ಧತೆ ಬರುತ್ತದೆ, ಮೂತ್ರದ ಸೋಂಕಿಗೂ ದಾರಿಯಾಗುತ್ತದೆ.

ಮಲವಿಸರ್ಜನೆಯಲ್ಲಿ ನೋಡಬೇಕಾದದ್ದು ಹೊತ್ತಿನ ಕ್ರಮವನ್ನು. ಹೊಟ್ಟೆಗೆ ಆಹಾರ ಬಿದ್ದಾಗ ಕರುಳು ಚಲಿಸತೊಡಗುವುದರಿಂದ, ಬಹಳಷ್ಟು ಮಕ್ಕಳಿಗೆ ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ಬರುತ್ತದೆ. ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮೆತ್ತಗೆ ಆಗುತ್ತಿದ್ದರೆ ಕೂರಿಸಲು ಸರಿಯಾದ ಗಳಿಗೆ ನಿಮಗೆ ಮೊದಲೇ ಗೊತ್ತಾದಂತೆ. ಇದರೊಂದಿಗೆ ಬರುವ ಇನ್ನೊಂದು ಲಕ್ಷಣವನ್ನು ಮನೆಯವರು ನೋಡಿಯೂ ಅರ್ಥ ಮಾಡಿಕೊಳ್ಳದೆ ಬಿಡುತ್ತಾರೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಬಾಗಿಲ ಹಿಂದೆ, ಮಂಚದ ಮೂಲೆಯಲ್ಲಿ, ಪರದೆಯ ಮರೆಯಲ್ಲಿ ಹೋಗಿ ನಿಂತು, ಮುಖ ಕೆಂಪಗೆ ಮಾಡಿಕೊಂಡು ಮುಕ್ಕುವುದು. ಯಾರಾದರೂ ಹತ್ತಿರ ಹೋದರೆ ಹೋಗು ಎಂದು ಕೈಬೀಸುತ್ತದೆ. ಬರುತ್ತಿದೆ ಎಂಬ ಅರಿವು, ಸ್ವಲ್ಪ ಹೊತ್ತು ತಡೆಯುವ ಶಕ್ತಿ, ಇದಕ್ಕೊಂದು ಮರೆಯ ಜಾಗ ಬೇಕೆಂಬ ಭಾವನೆ, ಈ ಮೂರೂ ಆ ನಡವಳಿಕೆಯಲ್ಲಿ ಇವೆ. ನಗಬೇಡಿ, ಎಳೆದು ತರಬೇಡಿ. ನನ್ನ ದೃಷ್ಟಿಯಲ್ಲಿ ಎಲ್ಲ ಲಕ್ಷಣಗಳಿಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಕೈಕಾಲಿನ ಸಾಮರ್ಥ್ಯ ಮತ್ತು ಮನೆಯ ಶೌಚಾಲಯ

ಮಗು ತಾನೇ ನಡೆದು ಜಾಗಕ್ಕೆ ಹೋಗಬೇಕು, ಕೆಲವು ನಿಮಿಷ ಅಲುಗಾಡದೆ ಕುಳಿತಿರಬೇಕು, ಚಡ್ಡಿಯನ್ನು ಕೆಳಗೆಳೆಯಲು ಕೈಯಾದರೂ ಹಾಕಬೇಕು. ಪೂರ್ತಿ ಬಿಚ್ಚಿ ಮತ್ತೆ ಹಾಕಿಕೊಳ್ಳುವುದು ಬಹಳ ಮುಂದಿನ ಮಾತು. ಸಡಿಲ ಎಲಾಸ್ಟಿಕ್‌ನ ಚಡ್ಡಿ ಹಾಕಿ, ಮಗು ಎಳೆಯಲು ಪ್ರಯತ್ನಿಸುತ್ತದೆಯೇ ಎಂದು ನೋಡಿ. ಗುಂಡಿ, ಲಾಡಿ, ಜಿಪ್ ಇರುವ ಪ್ಯಾಂಟುಗಳನ್ನು, ಥಂಡಿಯೆಂದು ಒಂದರ ಮೇಲೊಂದು ತೊಡಿಸುವ ಲೆಗ್ಗಿಂಗ್‌ಗಳನ್ನು ಈ ತಿಂಗಳುಗಳಲ್ಲಿ ಎತ್ತಿಡಿ. ಉಡಿದಾರಕ್ಕೆ ಸಿಕ್ಕಿಸಿ ಕಟ್ಟುವ ಲಂಗೋಟಿ ಎಳೆಗೂಸಿಗೆ ಅನುಕೂಲವಾದರೂ, ತಾನೇ ಬಿಚ್ಚಿಕೊಳ್ಳಲು ಕಲಿಯಬೇಕಾದ ಮಗುವಿಗೆ ಅದು ತೊಡಕು.

ಇದೇ ಸಾಮರ್ಥ್ಯವನ್ನು ನಿಮ್ಮ ಮನೆಯ ಶೌಚಾಲಯದೊಂದಿಗೆ ಹೊಂದಿಸಿ ನೋಡಬೇಕು, ಏಕೆಂದರೆ ಸಿದ್ಧತೆಯ ಪಟ್ಟಿಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಹಾಸನದ ಹೊಸ ಬಡಾವಣೆಯ ಮನೆಯಲ್ಲಿ ಕೋಣೆಗೆ ಅಂಟಿಕೊಂಡೇ ಕಮೋಡ್ ಇದ್ದರೆ, ಕೊಪ್ಪದ ಕಡೆಯ ಹಳೆಯ ತೊಟ್ಟಿಮನೆಯಲ್ಲಿ ಹಿತ್ತಿಲು ದಾಟಿ, ಪಾಚಿ ಕಟ್ಟಿದ ಅಂಗಳದ ಕಲ್ಲುಹಾಸಿನ ಮೇಲೆ ನಡೆದು ಹೋಗಬೇಕು. ಕಾಫಿ ತೋಟದ ಲೈನ್ ಮನೆಗಳಲ್ಲಿ ಒಂದೇ ಶೌಚಾಲಯವನ್ನು ಎರಡು ಮೂರು ಸಂಸಾರಗಳು ಹಂಚಿಕೊಳ್ಳುವುದೂ ಉಂಟು. ಎರಡು ವರ್ಷದ ಮಗು ಬಂದಿದೆ ಎಂದು ಹೇಳಿದ ಮೇಲೆ ಹೆಚ್ಚೆಂದರೆ ಒಂದೆರಡು ನಿಮಿಷ ತಡೆಯಬಲ್ಲದು. ಹಿತ್ತಿಲಿನ ಶೌಚಾಲಯವನ್ನು ಅಷ್ಟರಲ್ಲಿ ತಲುಪಲು ಆಗದಿದ್ದರೆ ತಪ್ಪು ಮಗುವಿನದಲ್ಲ, ದೂರದ್ದು. ಅಂಥ ಮನೆಗಳಲ್ಲಿ ಮಗು ಕುಳಿತು ಶೌಚ ಮಾಡುವ ಚಿಕ್ಕ ಪ್ಲಾಸ್ಟಿಕ್ ಪಾಟಿಯನ್ನು ನಡುಮನೆಯ ಹತ್ತಿರದ ಒಂದು ಮೂಲೆಯಲ್ಲೋ ಬಚ್ಚಲಲ್ಲೋ ಇಡುವುದು ಸರಿಯಾದ ಕ್ರಮ.

ನೆಲಮಟ್ಟದ ಶೌಚಾಲಯದ ಗುಂಡಿ ಎರಡು ವರ್ಷದ ಮಗುವಿನ ಕಾಲಿಗೆ ಬಹಳ ಅಗಲ. ಒಳಗೆ ಬಿದ್ದುಬಿಡುತ್ತೇನೆಂಬ ಹೆದರಿಕೆ ಮಗುವಿನದು, ಮತ್ತು ಆ ಹೆದರಿಕೆ ಸುಳ್ಳಲ್ಲ. ಕುಕ್ಕರಿಸುವ ಭಂಗಿ ಮಾತ್ರ ಬಹಳ ಒಳ್ಳೆಯದು. ಆ ಭಂಗಿಯಲ್ಲಿ ಗುದನಾಳದ ಬಾಗು ನೇರವಾಗಿ ಮಲ ಸಲೀಸಾಗಿ ಹೊರಬರುತ್ತದೆ. ಹಿರಿಯರು ಎದುರಿಗೆ ಕುಳಿತು ಎರಡೂ ಕೈ ಹಿಡಿದುಕೊಂಡರೆ ಮಗು ಧೈರ್ಯದಿಂದ ಕುಕ್ಕರಿಸುತ್ತದೆ. ಕಮೋಡ್ ಇದ್ದಲ್ಲಿ ಮಕ್ಕಳ ಚಿಕ್ಕ ಸೀಟನ್ನು ಮೇಲಿಟ್ಟು, ಕಾಲ ಕೆಳಗೆ ಒಂದು ಮಣೆ ಅಥವಾ ಸ್ಟೂಲ್ ಹಾಕಲೇಬೇಕು. ಕಾಲು ನೇತಾಡುತ್ತಿದ್ದರೆ ಮುಕ್ಕಲು ಬಲ ಸಿಗುವುದಿಲ್ಲ. ಗಂಡುಮಕ್ಕಳಿಗೂ ಮೊದಲು ಕುಳಿತು ಮಾಡುವುದನ್ನೇ ಕಲಿಸಿ, ನಿಂತು ಮಾಡುವುದನ್ನು ಆಮೇಲೆ ತೋರಿಸಿದರಾಯಿತು. ಹೆಣ್ಣುಮಕ್ಕಳನ್ನು ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಸಾಗಬೇಕು, ಇಲ್ಲವಾದರೆ ಮಲದ ಸೂಕ್ಷ್ಮಜೀವಿಗಳು ಮೂತ್ರದ್ವಾರಕ್ಕೆ ತಲುಪುತ್ತವೆ. ಎಳೆಯ ಮಕ್ಕಳ ಮಲದಿಂದ ಏನೂ ಆಗದೆಂದು ಹಿತ್ತಿಲಿಗೋ ಚರಂಡಿಗೋ ಎಸೆಯುವ ರೂಢಿಯನ್ನು ಬಿಡಬೇಕು. ದೊಡ್ಡವರ ಮಲದಷ್ಟೇ ರೋಗಾಣುಗಳು ಅದರಲ್ಲೂ ಇರುತ್ತವೆ. ಪಾಟಿಯಲ್ಲಿದ್ದದ್ದನ್ನು ಶೌಚಾಲಯಕ್ಕೇ ಸುರಿದು, ಮಗುವಿನ ಕೈಯನ್ನೂ ನಿಮ್ಮ ಕೈಯನ್ನೂ ಸೋಪಿನಿಂದ ತೊಳೆಯಿರಿ.

ಮಾತು ಮತ್ತು ಮನಸ್ಸು

ವಾಕ್ಯ ಕಟ್ಟಿ ಮಾತಾಡಬೇಕೆಂದಿಲ್ಲ. ಕಕ್ಕ, ಸುಸ್ಸು, ಉಚ್ಚೆ, ಒಂದಕ್ಕೆ, ಎರಡಕ್ಕೆ, ನಿಮ್ಮ ಮನೆಯಲ್ಲಿ ಬಳಸುವ ಪದ ಯಾವುದಾದರೂ ಸರಿ, ಮನೆಮಂದಿಯೆಲ್ಲ ಒಂದೇ ಪದ ಬಳಸಲಿ ಮತ್ತು ಮಗುವನ್ನು ಬಿಡುವ ಅಂಗನವಾಡಿಯಲ್ಲೋ ಪ್ಲೇಹೋಮ್‌ನಲ್ಲೋ ಆ ಪದ ತಿಳಿದಿರಲಿ. ಪದ ಬರದ ಮಗು ಚಡ್ಡಿ ಹಿಡಿದು ತೋರಿಸಿದರೂ, ಕೈಹಿಡಿದು ಬಚ್ಚಲಿನತ್ತ ಎಳೆದರೂ ಅದು ಹೇಳಿದಂತೆಯೇ. ಈ ಹೇಳುವಿಕೆಗೆ ಮೂರು ಮೆಟ್ಟಿಲುಗಳಿವೆ. ಆದ ಮೇಲೆ ಬಂದು ಹೇಳುವುದು ಮೊದಲನೆಯದು, ಆಗುತ್ತಿರುವಾಗ ನಿಂತು ನೋಡಿಕೊಳ್ಳುವುದು ಎರಡನೆಯದು, ಬರುವ ಮುಂಚೆಯೇ ಹೇಳುವುದು ಮೂರನೆಯದು. ಮಾಡಿಕೊಂಡಾದ ಮೇಲೆ ಬಂದು ಕಕ್ಕ ಎನ್ನುವ ಮಗುವನ್ನು ಮೊದಲೇ ಹೇಳಬಾರದಿತ್ತೇ ಎಂದು ಗದರುವುದು ನಮ್ಮಲ್ಲಿ ತೀರಾ ಸಾಮಾನ್ಯ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಗು ಮೊದಲ ಮೆಟ್ಟಿಲನ್ನು ಹತ್ತಿದೆ, ಅದನ್ನು ನಿಮಗೆ ತಿಳಿಸಲು ಬಂದಿದೆ. ಗದರಿದರೆ ನಾಳೆಯಿಂದ ಹೇಳುವುದನ್ನೇ ಬಿಟ್ಟು ಅಡಗಿಕೊಳ್ಳುತ್ತದೆ. ಹೇಳಿದ್ದು ಒಳ್ಳೆಯದಾಯಿತು, ಬಾ ತೊಳೆಯೋಣ ಎಂದರೆ ಸಾಕು, ಎರಡನೆಯ ಮೆಟ್ಟಿಲು ಕೆಲವು ವಾರಗಳಲ್ಲಿ ಬರುತ್ತದೆ.

ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಪರೀಕ್ಷಿಸುವುದು ಸುಲಭ. ಚೆಂಡು ತೆಗೆದು ಬುಟ್ಟಿಗೆ ಹಾಕು, ಚಪ್ಪಲಿ ತಂದು ಅಪ್ಪನಿಗೆ ಕೊಡು ಎಂಬಂಥ ಎರಡು ಕೆಲಸ ಸೇರಿದ ಮಾತನ್ನು ಮಗು ಪಾಲಿಸುತ್ತಿದ್ದರೆ, ಚಡ್ಡಿ ಎಳೆದು ಪಾಟಿ ಮೇಲೆ ಕೂರು ಎಂಬುದೂ ಅದಕ್ಕೆ ತಿಳಿಯುತ್ತದೆ. ವಸ್ತುಗಳನ್ನು ಅವುಗಳ ಜಾಗದಲ್ಲೇ ಇಡಬೇಕೆಂದು ಹಟ ಮಾಡುವ ಸ್ವಭಾವ ಈ ವಯಸ್ಸಿನಲ್ಲಿ ತಲೆಯೆತ್ತುತ್ತದೆ, ಅದೂ ಒಂದು ಸುಳಿವೇ. ಅಕ್ಕ, ಅಣ್ಣ ಬಚ್ಚಲಿಗೆ ಹೋದಾಗ ಹಿಂದೆ ಓಡುವುದು, ಬಾಗಿಲು ತಟ್ಟುವುದು, ಗೊಂಬೆಯನ್ನು ಪಾಟಿಯ ಮೇಲೆ ಕೂರಿಸಿ ಶ್ಶ್ಶ್ ಎನ್ನುವುದು, ಡೈಪರ್ ಹಾಕಲು ಹೋದರೆ ಬೇಡವೆಂದು ಓಡುವುದು, ಇವು ಒಲವಿನ ಲಕ್ಷಣಗಳು. ಕೂಡು ಕುಟುಂಬದಲ್ಲಿ ದೊಡ್ಡಪ್ಪನ ಮಕ್ಕಳನ್ನೋ ಅತ್ತೆಯ ಮಕ್ಕಳನ್ನೋ ನೋಡಿ ಕಲಿಯುವ ಮಗುವಿಗೆ ಈ ಒಲವು ಬೇಗ ಬರುವುದನ್ನು ಕಾಣುತ್ತೇವೆ.

ಇದಕ್ಕೆ ವಿರುದ್ಧವಾದ ಒಂದು ಕಾಲವೂ ಇದೆ. ಎಲ್ಲದಕ್ಕೂ ಬೇಡ, ಇಲ್ಲ, ನಾನೇ ಎನ್ನುವ ಹಟದ ತಿಂಗಳುಗಳಲ್ಲಿ, ದೇಹ ಎಷ್ಟೇ ಸಿದ್ಧವಿದ್ದರೂ ಮಗು ಪಾಟಿಯನ್ನು ಕಂಡೊಡನೆ ಬೆನ್ನು ಬಿಲ್ಲಿನಂತೆ ಸೆಟೆಸುತ್ತದೆ. ಆಗ ಬಲವಂತವಾಗಿ ಕೂರಿಸಿದರೆ ಮಗು ಮಲವನ್ನು ತಡೆಹಿಡಿಯಲು ಕಲಿಯುತ್ತದೆ, ಮತ್ತು ಇದು ಸಣ್ಣ ಸಂಗತಿಯಲ್ಲ. ತಡೆದ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಹೊರಬರುವಾಗ ನೋಯುತ್ತದೆ, ನೋವಿಗೆ ಹೆದರಿ ಮಗು ಇನ್ನಷ್ಟು ತಡೆಯುತ್ತದೆ. ಈ ಸುತ್ತು ಒಮ್ಮೆ ಹಿಡಿದರೆ ಬಿಡಿಸಲು ತಿಂಗಳುಗಳೇ ಬೇಕಾಗುತ್ತವೆ. ಆದ್ದರಿಂದ ಮಲಬದ್ಧತೆ ಇರುವ ಮಗುವಿಗೆ ಮೊದಲು ಅದನ್ನು ಸರಿಪಡಿಸಿ, ಅನಂತರವೇ ಅಭ್ಯಾಸಕ್ಕೆ ಇಳಿಯಬೇಕು. ಊಟಕ್ಕೆ ಬದಲು ಹಾಲನ್ನೇ ಹೆಚ್ಚು ಕುಡಿಯುವ ಮಕ್ಕಳಲ್ಲಿ ಇದು ಜಾಸ್ತಿ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ರಾಗಿ ಅಂಬಲಿ ಅಥವಾ ಮೆತ್ತಗಿನ ಮುದ್ದೆ, ಸೊಪ್ಪಿನ ಸಾರು, ಪಪ್ಪಾಯಿ, ತೋಟದ ಕಿತ್ತಳೆ, ನೆನೆಸಿ ಕಿವುಚಿದ ಒಣದ್ರಾಕ್ಷಿ, ಧಾರಾಳವಾಗಿ ನೀರು, ಇಷ್ಟರಿಂದ ಹಲವರಿಗೆ ಸರಿಹೋಗುತ್ತದೆ. ಹೋಗದಿದ್ದರೆ ವೈದ್ಯರು ಮಲ ಮೆತ್ತಗಾಗಿಸುವ ಔಷಧಿ ಕೊಡುತ್ತಾರೆ. ಹರಳೆಣ್ಣೆ ಕುಡಿಸುವುದು, ಗುದಕ್ಕೆ ಸೋಪಿನ ತುಂಡು ಅಥವಾ ವೀಳ್ಯದೆಲೆಯ ತೊಟ್ಟು ಇಡುವುದು ಬೇಡವೇ ಬೇಡ.

ಮನೆಯೂ ಸಿದ್ಧವಿರಬೇಕು

ಲಕ್ಷಣಗಳೆಲ್ಲ ಕಂಡರೂ ಕೆಲವು ಸಂದರ್ಭಗಳಲ್ಲಿ ಎರಡು ಮೂರು ತಿಂಗಳು ಕಾಯುವುದು ಲೇಸು. ತಾಯಿ ಎರಡನೆಯ ಹೆರಿಗೆಗೆ ತವರಿಗೆ ಹೊರಟಿರುವಾಗ, ಮನೆಗೆ ಹೊಸ ಕೂಸು ಬಂದಾಗ, ಎದೆಹಾಲು ಬಿಡಿಸುತ್ತಿರುವಾಗ, ಮನೆ ಬದಲಿಸಿದಾಗ, ಜ್ವರ ಭೇದಿಯಿಂದ ಎದ್ದಾಗ ಮಗುವಿನ ಮನಸ್ಸು ಬೇರೆಡೆ ಇರುತ್ತದೆ. ಕಾಫಿ ಕೊಯ್ಲಿನ ನವೆಂಬರ್‌ನಿಂದ ಫೆಬ್ರವರಿಯವರೆಗೆ ತೋಟದ ಕೆಲಸಕ್ಕೆ ಹೋಗುವ ತಾಯಂದಿರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಆ ತಿಂಗಳುಗಳಲ್ಲಿ ಮಗುವನ್ನು ನೋಡಿಕೊಳ್ಳುವವರು, ಅದು ಅಜ್ಜಿಯಾಗಿರಲಿ, ಗ್ರಾಮ ಪಂಚಾಯಿತಿಯ ಕೂಸಿನ ಮನೆಯ ಆರೈಕೆದಾರರಾಗಿರಲಿ, ಅವರೂ ಒಪ್ಪಿದರೆ ಮಾತ್ರ ತೊಡಗಿ. ಹಗಲು ಒಬ್ಬರು ಕೂರಿಸಿ, ಸಂಜೆ ಇನ್ನೊಬ್ಬರು ಡೈಪರ್ ಕಟ್ಟಿದರೆ ಮಗುವಿಗೆ ಗೊಂದಲವಾಗುತ್ತದೆ.

ಮಳೆಗಾಲದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಮೂಡಿಗೆರೆ, ಶೃಂಗೇರಿ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಚಡ್ಡಿ ಒಣಗಲು ಎರಡು ಮೂರು ದಿನ ಬೇಕು, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೂ ಹೊಗೆಯ ವಾಸನೆ ಹೋಗುವುದಿಲ್ಲ, ನೆಲವೂ ಥಂಡಿ. ಮೊದಲ ವಾರಗಳಲ್ಲಿ ದಿನಕ್ಕೆ ಎಂಟು ಹತ್ತು ಚಡ್ಡಿ ಬದಲಿಸಬೇಕಾಗುವಾಗ ಇದು ತಾಯಿಯ ತಾಳ್ಮೆಯನ್ನು ಹಿಂಡಿಬಿಡುತ್ತದೆ, ಮತ್ತು ಆ ಬೇಸರದ ಬಿಸಿ ಮಗುವಿಗೇ ತಟ್ಟುತ್ತದೆ. ಲಕ್ಷಣಗಳು ಏಪ್ರಿಲ್‌ನಲ್ಲಿ ಕಂಡರೆ ಕೂಡಲೇ ತೊಡಗಿ. ಜೂನ್‌ನಲ್ಲಿ ಕಂಡರೆ, ಹಗಲು ಪಾಟಿಯ ಮೇಲೆ ಕೂರಿಸುವ ಪರಿಚಯವನ್ನಷ್ಟೇ ಇಟ್ಟುಕೊಂಡು ಡೈಪರನ್ನು ಬಿಡಿಸುವುದನ್ನು ಮಳೆ ಇಳಿಯುವವರೆಗೆ ತಡೆಯುವುದರಲ್ಲಿ ತಪ್ಪಿಲ್ಲ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಬೇಸಿಗೆಯ ನೀರಿನ ಅಭಾವವನ್ನು ನೋಡಿಕೊಂಡು ತಿಂಗಳನ್ನು ಆರಿಸಿಕೊಳ್ಳಬೇಕು.

ಅಂಗನವಾಡಿಗೋ ನರ್ಸರಿಗೋ ಸೇರಿಸಲು ಮೂರು ವರ್ಷ ತುಂಬುತ್ತಿದೆ, ಡೈಪರ್ ಇದ್ದರೆ ಸೇರಿಸಿಕೊಳ್ಳುವುದಿಲ್ಲ ಎಂಬ ಒತ್ತಡ ಹಲವರಿಗೆ ಇರುತ್ತದೆ. ಶಾಲೆಯ ದಿನಾಂಕ ಮಗುವಿನ ಸಿದ್ಧತೆಯ ಲಕ್ಷಣವಲ್ಲ. ಆ ದಿನಾಂಕಕ್ಕೆ ಆರು ತಿಂಗಳು ಮುಂಚೆಯೇ ಗಮನಿಸತೊಡಗಿದರೆ ಕೊನೆಯ ವಾರದ ಬಲವಂತ ತಪ್ಪುತ್ತದೆ. ಹಾಗೆಯೇ ಡೈಪರಿನ ಖರ್ಚು, ನೆಂಟರ ಮಾತು, ಒಂದೆರಡು ಸಲ ಪಾಟಿಯಲ್ಲಿ ಅಕಸ್ಮಾತ್ ಆದದ್ದು ಇವನ್ನೂ ಲಕ್ಷಣಗಳೆಂದು ಎಣಿಸಬೇಡಿ.

ತೀರ್ಮಾನಿಸುವುದು ಹೇಗೆ?

ಎಲ್ಲ ಲಕ್ಷಣಗಳೂ ಒಂದೇ ದಿನ ಬರುವುದಿಲ್ಲ, ಎಲ್ಲವೂ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ದೇಹದ ಲಕ್ಷಣಗಳಲ್ಲಿ ಒಂದಾದರೂ ಖಚಿತವಾಗಿ ಇರಬೇಕು, ನಡೆದು ಹೋಗಿ ಕೂರಲು ಬರಬೇಕು, ಪದದಿಂದಲೋ ಸನ್ನೆಯಿಂದಲೋ ತಿಳಿಸಬೇಕು, ಪಾಟಿಯನ್ನು ಕಂಡರೆ ಹೆದರಬಾರದು. ಈ ನಾಲ್ಕು ಇದ್ದರೆ ತೊಡಗಬಹುದು ಎಂಬುದು ನನ್ನ ಸಲಹೆ. ಮೊದಲ ಕೆಲವು ದಿನ ಬಟ್ಟೆ ಹಾಕಿಕೊಂಡೇ ಪಾಟಿಯ ಮೇಲೆ ಕೂರಲಿ, ಆಮೇಲೆ ಎದ್ದ ತಕ್ಷಣ, ತಿಂಡಿಯಾದ ಮೇಲೆ, ನಿದ್ದೆಗೆ ಮುಂಚೆ ಐದು ನಿಮಿಷ ಮೀರದಂತೆ ಬರಿಮೈಯಲ್ಲಿ ಕೂರಿಸಿ. ಆ ಹೊತ್ತಿನಲ್ಲಿ ಮೊಬೈಲ್ ಕೈಗೆ ಕೊಡಬೇಡಿ; ಮಗುವಿನ ಗಮನ ತನ್ನ ಹೊಟ್ಟೆಯ ಮೇಲೆ ಇರಬೇಕು. ಒಂದೆರಡು ವಾರವಾದರೂ ಮಗು ಅಳುತ್ತಿದ್ದರೆ, ಸೆಟೆಯುತ್ತಿದ್ದರೆ, ಅಥವಾ ಪಾಟಿಯಿಂದ ಎದ್ದ ಮರುಕ್ಷಣವೇ ಚಡ್ಡಿಯಲ್ಲಿ ಮಾಡಿಕೊಳ್ಳುತ್ತಿದ್ದರೆ ಯಾವ ಟೀಕೆಯೂ ಇಲ್ಲದೆ ನಿಲ್ಲಿಸಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಹೀಗೆ ನಿಲ್ಲಿಸುವುದರಿಂದ ಕಲಿತದ್ದು ಹಾಳಾಗುವುದಿಲ್ಲ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳು, ನಡಿಗೆ ಅಥವಾ ಮಾತು ತಡವಾದ ಮಕ್ಕಳು ಈ ಲಕ್ಷಣಗಳನ್ನೂ ತಡವಾಗಿಯೇ ತೋರಿಸುತ್ತಾರೆ. ಅವರ ವಿಷಯದಲ್ಲಿ ವಯಸ್ಸನ್ನು ಬದಿಗಿಟ್ಟು ಲಕ್ಷಣವನ್ನೇ ನಂಬಬೇಕು. 16ರಿಂದ 24 ತಿಂಗಳ ನಡುವೆ ದಡಾರ ರುಬೆಲ್ಲಾ ಲಸಿಕೆಯ ಎರಡನೆಯ ಡೋಸ್‌ಗೆಂದು ತಾಯಿ ಕಾರ್ಡ್ ಹಿಡಿದು ಹೋಗುವಾಗ ಈ ಬಗ್ಗೆ ಕೇಳಲು ಒಳ್ಳೆಯ ಅವಕಾಶವಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗಲೂ ತೋರಿಸಬಹುದು.

ಕೆಲವು ಲಕ್ಷಣಗಳು ಸಿದ್ಧತೆಗೆ ಸಂಬಂಧಿಸಿದವಲ್ಲ, ಚಿಕಿತ್ಸೆಗೆ ಸಂಬಂಧಿಸಿದವು. ಮೂತ್ರ ಮಾಡುವಾಗ ಅಳುವುದು, ಕಾರಣ ತಿಳಿಯದ ಜ್ವರ, ಹೊತ್ತುಗೊತ್ತಿಲ್ಲದೆ ಸದಾ ತೊಟ್ಟಿಕ್ಕುವುದು, ಗಂಡು ಮಗುವಿನ ಮೂತ್ರದ ಧಾರೆ ಕ್ಷೀಣವಾಗಿರುವುದು, ಮಲದಲ್ಲಿ ರಕ್ತ, ವಾರಕ್ಕೆ ಎರಡೇ ಸಲ ಗಟ್ಟಿಯಾಗಿ ಮಲವಾಗುವುದು ಕಂಡರೆ ಅಭ್ಯಾಸದ ಮಾತನ್ನು ನಿಲ್ಲಿಸಿ ಮಕ್ಕಳ ವೈದ್ಯರ ಬಳಿ ಹೋಗಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲಾ ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವಿದೆ. ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ್ದ ಮಗು ಮತ್ತೆ ಒದ್ದೆ ಮಾಡಿಕೊಳ್ಳತೊಡಗಿ, ಜೊತೆಗೆ ವಿಪರೀತ ಬಾಯಾರಿಕೆ, ತೂಕ ಇಳಿಯುವುದು ಕಂಡರೆ ಒಂದು ದಿನವೂ ತಡಮಾಡದೆ ರಕ್ತದ ಸಕ್ಕರೆ ಪರೀಕ್ಷಿಸಬೇಕು, ಏಕೆಂದರೆ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೀಗೆಯೇ ಕಾಣಿಸಿಕೊಳ್ಳಬಹುದು. ನಾಲ್ಕು ವರ್ಷ ತುಂಬಿದರೂ ಹಗಲಿನ ಹತೋಟಿಯ ಯಾವ ಲಕ್ಷಣವೂ ಕಾಣದಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ರಾತ್ರಿ ಹಾಸಿಗೆ ಒದ್ದೆಯಾಗುವುದನ್ನು ಮಾತ್ರ ಐದು ವರ್ಷ ತುಂಬುವವರೆಗೆ ಕಾಯಿಲೆಯೆಂದು ಪರಿಗಣಿಸುವುದಿಲ್ಲ. ಆ ವಯಸ್ಸಿನಲ್ಲೂ ಸುಮಾರು ಶೇಕಡಾ 15ರಷ್ಟು ಮಕ್ಕಳು ರಾತ್ರಿ ಒದ್ದೆ ಮಾಡಿಕೊಳ್ಳುತ್ತಾರೆ, ಬಹುತೇಕರಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ಹಾಸಿಗೆಯ ಮೇಲೆ ಒಂದು ರಬ್ಬರ್ ಶೀಟ್ ಹಾಸಿ, ಮಲಗುವ ಮುಂಚೆ ಒಮ್ಮೆ ಮೂತ್ರಕ್ಕೆ ಕೂರಿಸಿದರೆ ಸಾಕು.